ನಮ್ಮ ರಕ್ತಕ್ಕೂ ಟೆಸ್ಟ್ ಬೇಕಾ?

"ಮದ್ವೇಲಿ ಸೋದರಮಾವನ ಜಾಗಕ್ಕೆ ಬೇರೆ ಯಾರ್ನಾದ್ರೂ ನಿಲ್ಲಿಸ್ಕತ್ತೀವಿ ಕಣಮ್ಮಿ. ನಿನ್ ತಮ್ಮಂಗೆ ನೀನೇ ಒಂದ್ ಮಾತು ಹೇಳ್ಬುಡು."

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಫೋನಿನಲ್ಲಿ ಹೀಗಂದಾಗ ನಾನು ಅರಕಲಗೂಡಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕನ್ನಡ ಪೇಪರ್ ತಿದ್ದುತ್ತಾ ಕೂತಿದ್ದೆ. ಮಗಳ ಮದುವೆಗೆ ಅಡುಗೆಯವರನ್ನು ಬದಲಾಯಿಸಿದ್ದೀವಿ ಅಂತ ಹೇಳುವ ಧಾಟಿಯಲ್ಲೇ ಹೇಳಿದರು. ಏನಂದ್ರಿ ಅಂತ ಕೇಳಿದೆ. ಅದನ್ನೇ ಇನ್ನೊಂದು ಸಲ, ಇನ್ನೂ ಜೋರಾಗಿ, ಕಿವುಡಿಗೆ ಹೇಳಿದ ಹಾಗೆ ಹೇಳಿದರು. ನಾನು ಫೋನ್ ಕುಕ್ಕಿದೆ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಎಲ್ಲಿ ಹಾರಿ ಹೋಯ್ತೋ ಇವತ್ತಿಗೂ ಸಿಕ್ಕಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ, ಹುಡುಗಿಯ ತಾಯಿಯ ಒಡಹುಟ್ಟಿದವನು. ಧಾರೆ ಎರೆಯುವವನು ಅಪ್ಪನೇ ಆಗಿರಬಹುದು, ಛತ್ರ ಗೊತ್ತು ಮಾಡಿದವನೂ ಅವನೇ ಇರಬಹುದು, ಆದರೆ ಕೋಣೆಯಿಂದ ಮಂಟಪದವರೆಗಿನ ಆ ನಾಲ್ಕು ಹೆಜ್ಜೆ ಮಾತ್ರ ಸೋದರಮಾವನದು. ನಮಗಿರೋದು ಒಬ್ಬನೇ ತಮ್ಮ. ಅಕ್ಕನಿಗಿರೋದು ಒಬ್ಬಳೇ ಮಗಳು. ನನಗೆ ಇಬ್ಬರೂ ಗಂಡುಮಕ್ಕಳು. ಹಾಗಾಗಿ ನನ್ನ ತಮ್ಮನಿಗೆ ಜನ್ಮದಲ್ಲಿ ಒಂದೇ ಒಂದು ಸಲ ಸಿಗುವ ಗೌರವ ಅದು. ಹೊಳೆನರಸೀಪುರದ ಹತ್ತಿರ ನಾಲೆ ಬಯಲಲ್ಲಿ ಭತ್ತ, ಕಬ್ಬು ಬೆಳ್ಕೊಂಡಿರುವ ಮನುಷ್ಯ. ಮಾತು ಕಡಿಮೆ. ಆ ಹುಡುಗಿ ನಡೆಯೋಕೆ ಕಲಿತ ಕಾಲದಿಂದಲೂ "ನಿನ್ನ ಹಸೆಮಣೆಗೆ ಕರ್ಕೊಂಡೋಗೋನು ನಾನೇ ಕಣವ್ವ" ಅಂತ ಹೇಳ್ಕೊಂಡೇ ಬಂದವನು. ರೇಷ್ಮೆ ಪಂಚೆ ತಂದಿಟ್ಟಾಗಿತ್ತು. ಅಂಥವನನ್ನು ಬೇಡ ಅನ್ನೋಕೆ ಅವನು ಮಾಡಿದ ತಪ್ಪೇನಪ್ಪ ಅಂದರೆ, ಒಡಹುಟ್ಟಿದ ಅಕ್ಕನಿಗೆ ರಕ್ತ ಕೊಡಲು ಹೋಗಿದ್ದ. ಅಷ್ಟೇ.

ಭಾವನಿಗೆ ಬಹುವಚನ ಕೊಟ್ಟೇ ಬರೆಯುತ್ತಿದ್ದೇನೆ, ಅದು ಅಕ್ಕನ ಮುಖ ನೋಡಿ. ಹಿರೀಸಾವೆ ಹತ್ತಿರ ಅವರಿಗೆ ಹೊಲ, ತೋಟ, ಜೊತೆಗೆ ಹೈವೇ ಪಕ್ಕ ಒಂದು ಹೋಟೆಲು. ಹೋಟೆಲಿನ ಗಲ್ಲಾದ ಮೇಲೆ ಕೂರುವವರು ಭಾವ, ಹಿಂದೆ ಒಲೆಯ ಮುಂದೆ ನಿಲ್ಲುವವಳು ಅಕ್ಕ. ಅವಳಿಗೆ ತಿಂಗಳುಗಟ್ಟಲೆ ರಕ್ತ ಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಕೇಳಿದರೆ "ಮುಟ್ಟು ನಿಲ್ಲೋ ಕಾಲ, ಇದೆಲ್ಲ ಇದ್ದದ್ದೇ" ಅನ್ನೋಳು. ಒಂದು ದಿನ ಗ್ರೈಂಡರ್ ಪಕ್ಕದಲ್ಲೇ ಕುಸಿದು ಬಿದ್ದಳು. ಹಾಸನಕ್ಕೆ ಕರೆದುಕೊಂಡು ಹೋದರೆ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ ಉಗಿದರು. ಗರ್ಭಕೋಶ ತೆಗೀಬೇಕು, ಆದರೆ ಈ ಮೈಯಲ್ಲಿ ಕತ್ತರಿ ಆಡಿಸೋಕೆ ರಕ್ತವೇ ಇಲ್ಲ, ಮೊದಲು ಎರಡು ಬ್ಯಾಗ್ ರೆಡಿ ಮಾಡ್ಕೊಳ್ಳಿ, ಬದಲಿಗೆ ನಿಮ್ಮ ಕಡೆಯವರು ಇಬ್ಬರು ರಕ್ತ ಕೊಡಲಿ ಅಂದರು.

ಇಲ್ಲಿ ಶುರುವಾಯ್ತು ನೋಡಿ ಮುಯ್ಯಿ ಲೆಕ್ಕ. ಮದುವೆ, ಗೃಹಪ್ರವೇಶಗಳಲ್ಲಿ ನಮಗೆ ಬಂದ ಮುಯ್ಯಿಯನ್ನು ಕೊಟ್ಟವರ ಮನೆ ಕಾರ್ಯದಲ್ಲಿ ತಿರುಗಿಸಿ ಕೊಡಬೇಕು, ಕೊಡದಿದ್ದರೆ ಮುಖ ತೋರಿಸೋ ಹಾಗಿಲ್ಲ. ಇದು ನಮ್ಮ ಕಡೆಯ ಪದ್ಧತಿ, ಇರಲಿ. ಭಾವ ಅದನ್ನು ರಕ್ತಕ್ಕೂ ಹಚ್ಚಿದರು. ಹಿಂದೆ ತಮ್ಮನ ಹೆಂಡತಿಯ ಹೆರಿಗೆಯಲ್ಲಿ ರಕ್ತ ಬೇಕಾದಾಗ ಭಾವ ತಮ್ಮ ಹೋಟೆಲಿನ ಕೆಲಸದವರಿಬ್ಬರನ್ನು ಜೀಪಿನಲ್ಲಿ ತುಂಬಿ ಕಳಿಸಿದ್ದರು. ರಕ್ತ ಸುರಿಸಿದವರು ಪಾಪ ಯಾರೋ, ಹೆಸರು ಮಾತ್ರ ಭಾವಂದು. "ಅವತ್ತು ನಾನು ಕೊಟ್ಟಿದ್ದೆ ಕಣ್ಲಾ, ಇವತ್ತು ನಿಂದು ಸರದಿ" ಅಂತ ಹತ್ತು ಜನರ ಮುಂದೆ ಅಂದರು. ನೀವು ಕೊಟ್ಟಿದ್ದು ಯಾವಾಗ ಭಾವ, ಸೂಜಿ ಕಂಡರೆ ಊರು ಬಿಡ್ತೀರಿ ಅಂತ ನಾನು ಅಂದೆ. ಯಾರೂ ನಗಲಿಲ್ಲ.

ತಮ್ಮನಿಗೆ ಒತ್ತಾಯ ಬೇಕಿರಲಿಲ್ಲ, ಅಕ್ಕನಿಗೆ ಅಂದರೆ ಅವನು ಓಡಿ ಬರುವವನೇ. ಬಂದ. ನನ್ನ ಯಜಮಾನರೂ ಬಂದರು. ನಮ್ಮ ದೊಡ್ಡಪ್ಪನ ಮಗ ಒಬ್ಬರಿದ್ದಾರೆ, ಊರಿನಲ್ಲಿ ಯಜಮಾನಿಕೆ ಮಾಡಿಕೊಂಡಿರುವವರು, ಅವರೂ ಬಿಳಿ ಅಂಗಿ ಹಾಕ್ಕೊಂಡು ಬಂದರು. ರಕ್ತ ಕೊಡೋರು ಒಳಗೆ ಬನ್ನಿ ಅಂದ ತಕ್ಷಣ "ಒಂದ್ ತಿಂಡಿ ತಿಂದು ಬತ್ತೀನಿ" ಅಂತ ಹೊರಗೆ ಹೋದವರು ಎಲ್ಲ ಮುಗಿದ ಮೇಲೆ ಹಲ್ಲು ಕಡ್ಡಿ ಕಚ್ಚಿಕೊಂಡು ವಾಪಸಾದರು.

ಬ್ಲಡ್ ಬ್ಯಾಂಕಿನ ವರಾಂಡದಲ್ಲಿ ಒಂದು ಮೇಜು. ರಕ್ತ ಕೊಡುವವರನ್ನು ಅಲ್ಲಿ ಕೂರಿಸಿ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ನಾನಾಗ ಮಹಡಿಯ ಮೇಲೆ ಅಕ್ಕನ ಹತ್ತಿರ ಇದ್ದೆ, ಇದನ್ನು ಆಮೇಲೆ ಹೇಳಿದವರು ನನ್ನ ಯಜಮಾನರು. ನೆಂಟರೆಲ್ಲ ಆಚೆ ಇರಿ, ಒಬ್ಬೊಬ್ಬರನ್ನೇ ಕೇಳಬೇಕು ಅಂತ ಅಲ್ಲಿದ್ದ ಮೇಡಂ ಹೇಳಿದರಂತೆ. ಹೋಗುತ್ತಾರೆಯೇ ನಮ್ಮವರು? ಹೆಣ್ಣು ನೋಡುವ ಶಾಸ್ತ್ರದಲ್ಲಿ ನಿಲ್ಲುವ ಹಾಗೆ ಸುತ್ತ ನಿಂತರಂತೆ. ಭಾವ ತಮ್ಮನ ಹೆಗಲ ಮೇಲೆ ಕೈ ಹಾಕಿಕೊಂಡು ಹಿಂದೆಯೇ. ಯಾವಾಗಲಾದರೂ ಕಾಮಾಲೆ ಆಗಿತ್ತಾ ಅಂತ ಆಯಮ್ಮ ಕೇಳಿದಾಗ ತಮ್ಮ ಸುಮ್ಮನೆ ಕೂತ. ಭಾವನೇ ಬಾಯಿ ಹಾಕಿದರು. "ಏನಿಲ್ಲ ಬರ್ಕಳಿ ಮೇಡಂ, ಕಲ್ ತಿಂದ್ರೂ ಕರಗುಸ್ಕತ್ತಾನೆ." ತಮ್ಮನೂ ತಲೆಯಾಡಿಸಿದ.

ಅವನಿಗೆ ಕಾಮಾಲೆ ಆಗಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಕಣ್ಣು ಅರಿಸಿನ ಬಳಿದ ಹಾಗಾಗಿ, ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ನಾಟಿ ಔಷಧಿ ಕೊಡುವವರ ಹತ್ತಿರ ಹೋಗಿದ್ದರು. ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಟ್ಟರು. ಎಣ್ಣೆ ಇಲ್ಲ, ಖಾರ ಇಲ್ಲ, ಉಪ್ಪೂ ಇಲ್ಲ, ಬರೀ ಗಂಜಿ. ಇಳಿಯಿತು. ಇಳಿದ ಮೇಲೆ ಅದರ ಹೆಸರೆತ್ತಬಾರದು, ಎತ್ತಿದರೆ ಮರುಕಳಿಸುತ್ತೆ ಅಂತ ಔಷಧಿ ಕೊಟ್ಟವರು ಕಟ್ಟು ಮಾಡಿದ್ದರು. ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಒಂದು ಕಡೆ ಆ ಕಟ್ಟು, ಇನ್ನೊಂದು ಕಡೆ ಹೆಗಲ ಮೇಲೆ ಭಾವನ ಕೈ, ಸುತ್ತ ಮುಯ್ಯಿ ಲೆಕ್ಕ ಹಾಕುವ ನೆಂಟರು. ಆಗಿತ್ತು ಅಂದಿದ್ದರೆ ಏನನ್ನುತ್ತಿದ್ದರು ಗೊತ್ತಾ? ಅಕ್ಕನಿಗೆ ರಕ್ತ ಕೊಡೋಕೆ ಹಿಂದೇಟು ಹೊಡೆದ ಅನ್ನುತ್ತಿದ್ದರು. ಸಾಯುವವರೆಗೂ ಅನ್ನುತ್ತಿದ್ದರು. ಅಂಥ ಕಡೆ ಕೂತು ಬಾಯಿಬಿಟ್ಟು ನಿಜ ಹೇಳುವ ಗಂಡಸನ್ನು ನನಗೆ ತೋರಿಸಿ.

ರಕ್ತ ಕೊಟ್ಟಾಯಿತು. ಬ್ಯಾಗ್ ಕೊಡಿ, ಮೇಲಕ್ಕೆ ತಗೊಂಡೋಗ್ತೀವಿ ಅಂದರೆ ಟೆಸ್ಟ್ ಆಗದೆ ಕೊಡಲ್ಲ ಅಂದರು. ಆಗ ಭಾವ ಕೂಗಿದ ಕೂಗು ಮಹಡಿಯ ಮೇಲಿದ್ದ ನನಗೂ ಕೇಳಿಸಿತು. ನಾನು ಇಳಿದು ಓಡಿ ಬಂದೆ.

"ನಮ್ಮ ರಕ್ತಕ್ಕೂ ಟೆಸ್ಟ್ ಬೇಕಾ? ಬೀದೀಲಿ ಹೋಗೋರ್ದೇನ್ರೀ ಇದು? ಒಡಹುಟ್ಟಿದೋನು ಕೊಟ್ಟವ್ನೆ ಅಕ್ಕಂಗೆ. ರಕ್ತಾನೂ ನಾವೇ ಕೊಡ್ಬೇಕು, ಟೆಸ್ಟಿಗೆ ದುಡ್ಡೂ ನಾವೇ ಕಟ್ಬೇಕು, ಮ್ಯಾಲೆ ಇಲ್ಲಿ ಕಾಯ್ಬೇಕು. ಏನ್ ಸಾ, ದಂಧೆ ಮಾಡ್ಕೊಂಡಿದ್ದೀರಾ?"

ಅಲ್ಲಿನ ಟೆಕ್ನಿಷಿಯನ್ ಸಮಾಧಾನದ ಮನುಷ್ಯ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಇನ್ನೂ ಕೆಲವು ಇದೆ ಸಾರ್, ಯಾರ ರಕ್ತವಾದರೂ ನೋಡಲೇಬೇಕು, ಕಾನೂನು ಅಂದರು. ಸೋಂಕು ತಗುಲಿದ ಹೊಸದರಲ್ಲೇ ಹಿಡಿಯುವ ಇನ್ನೂ ದುಬಾರಿ ಟೆಸ್ಟ್ ಬೇರೆ ಬಂದಿದೆ, ಅದು ಎಲ್ಲ ಕಡೆ ಇಲ್ಲ ಅಂತಲೂ ಹೇಳಿದರು. ಭಾವ ಅದನ್ನು ಹಿಡಿದುಕೊಂಡು "ನೋಡಿದ್ರಾ, ಇನ್ನೂ ಸುಲಿಯಕ್ಕೆ ದಾರಿ ಹುಡುಕ್ತಾವ್ರೆ" ಅಂತ ನಮ್ಮ ಕಡೆ ತಿರುಗಿದರು. ದೊಡ್ಡಪ್ಪನ ಮಗ ಹಲ್ಲುಕಡ್ಡಿ ತೆಗೆದು ಹೌದೌದು ಅಂದರು.

ಸಂಜೆ ಒಂದು ಬ್ಯಾಗ್ ಬಂತು, ನನ್ನ ಯಜಮಾನರದು ಪಾಸಾಗಿತ್ತು. ಇನ್ನೊಂದನ್ನು ಉಪಯೋಗಿಸುವ ಹಾಗಿಲ್ಲ, ಅದರ ಬದಲು ಸ್ಟಾಕಿನಿಂದ ಬೇರೆ ಕೊಡ್ತೀವಿ ಅಂದರು. ಯಾಕೆ ಅಂತ ಹೇಳಲಿಲ್ಲ, ಕೊಟ್ಟವರಿಗೇ ಹೇಳ್ತೀವಿ ಅಂದರು. ಆಗ ನಮ್ಮ ಭಾವ ಕೇಳಿದ ಪ್ರಶ್ನೆಯನ್ನು ನಾನು ಸತ್ತರೂ ಮರೆಯಲ್ಲ. ಧ್ವನಿ ತಗ್ಗಿಸಿ, ಕಿಟಕಿಗೆ ಬಾಗಿ ಕೇಳಿದರು: "ಈ ಬ್ಯಾಗ್ ಯಾರ್ದು ಸಾ? ಯಾವ ಜನ?"

ಥೂ! ಹೆಪಟೈಟಿಸ್ ಟೆಸ್ಟ್ ಬೇಡವಂತೆ, ಜಾತಿ ಟೆಸ್ಟ್ ಬೇಕಂತೆ. ಹೆಂಡತಿ ಮೇಲೆ ಬೆಳ್ಳಗೆ ಬಿಳಿಚಿಕೊಂಡು ಮಲಗಿದ್ದಾಳೆ, ಈಯಪ್ಪ ರಕ್ತದ ಕುಲಗೋತ್ರ ವಿಚಾರಿಸುತ್ತಿದ್ದಾರೆ. ನನಗೆ ತಡೆಯಲಿಲ್ಲ. "ನಿಮ್ಮ ಹೋಟೆಲಲ್ಲಿ ಇಡ್ಲಿ ತಿನ್ನೋರ್ನ ಯಾವ ಜನ ಅಂತ ಕೇಳ್ತೀರಾ ಭಾವ? ಕಾಸು ಇಸ್ಕಳ್ಳೋವಾಗ ಕೇಳ್ತೀರಾ?" ಅಂತ ಅಲ್ಲೇ ಕೇಳಿದೆ. ಟೆಕ್ನಿಷಿಯನ್ ಏನೂ ಕೇಳಿಸದವರಂತೆ ಬ್ಯಾಗನ್ನು ನನ್ನ ಕೈಗೇ ಕೊಟ್ಟರು. ಯಾರೋ ಪುಣ್ಯಾತ್ಮರ, ಟೆಸ್ಟ್ ಆದ ರಕ್ತ ಅಕ್ಕನ ಮೈಗೆ ಹೋಯ್ತು. ಆಪರೇಷನ್ ಚೆನ್ನಾಗಿ ಆಯ್ತು. ಅಕ್ಕ ಎದ್ದು ಕೂತಳು.

ಆಮೇಲಿನದು ಕೇಳಿ. ನಮ್ಮ ಮನೆಗಳಲ್ಲಿ ಯಾವ ಆಫೀಸಿಗೆ ಹೋದರೂ ಫೋನ್ ನಂಬರ್ ಕೇಳಿದರೆ ಭಾವಂದೇ ಕೊಡೋದು. ದೊಡ್ಡವರು ಅಂತ ಮರ್ಯಾದೆ. ತಮ್ಮನೂ ಬ್ಲಡ್ ಬ್ಯಾಂಕಿನಲ್ಲಿ ಅದನ್ನೇ ಕೊಟ್ಟಿದ್ದ. ಅಲ್ಲಿಂದ ಫೋನ್ ಬಂತು, ಏನು ಅಂತ ಹೇಳಲಿಲ್ಲ, ಇಂಥವರು ಒಬ್ಬರೇ ಬಂದು ಭೇಟಿಯಾಗಲಿ ಅಂದರು. ಭಾವ ಬಿಡುತ್ತಾರೆಯೇ? ಜೊತೆಗೆ ಹೋದರು. ಇವರು ಹೊರಗಿರಲಿ ಅಂತ ಆ ಮೇಡಂ ಹೇಳಿದರೂ ಕುರ್ಚಿ ಬಿಟ್ಟು ಏಳಲಿಲ್ಲ. ಇವರು ಇದ್ದರೆ ನಿಮಗೆ ಪರವಾಗಿಲ್ವಾ ಅಂತ ತಮ್ಮನನ್ನು ಕೇಳಿದರಂತೆ. ನನ್ನ ಪೆದ್ದ ತಮ್ಮ "ಇರ್ಲಿ ಬುಡಿ ಮೇಡಂ, ನಮ್ ಭಾವ" ಅಂದನಂತೆ. ಹೆಪಟೈಟಿಸ್ ಬಿ ಇದೆ ಅಂತ ಅವರು ಹೇಳಿದ್ದು ತಮ್ಮನಿಗೆ, ಪಕ್ಕದಲ್ಲಿ ಕೂತು ಕೇಳಿಸಿಕೊಂಡದ್ದು ಭಾವ. ಬಸ್ಸು ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ನೆಂಟರಿಷ್ಟರಿಗೆಲ್ಲ ಗೊತ್ತಾಗಿತ್ತು.

ಮೊದಲ ಸುದ್ದಿ ನನಗೆ ಮುಟ್ಟಿದ್ದು ಭಾವನಿಂದಲೇ. "ನಿನ್ ತಮ್ಮಂಗೆ ರಕ್ತದಲ್ಲೇ ಕಾಯ್ಲೆಯಂತೆ." ಆ ದನಿಯಲ್ಲಿ ಗಾಬರಿ ಇರಲಿಲ್ಲ, ಮೋಸ ಹೋದವರ ಸಿಟ್ಟಿತ್ತು.

ತಮ್ಮನನ್ನು ನಾನೇ ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದರು, ಇನ್ನೂ ಬೇರೆ ಬೇರೆ ಟೆಸ್ಟ್ ಮಾಡಿದರು. ಲಿವರ್ ಕೆಡೋಕೆ ಶುರುವಾಗಿದೆ, ಆದರೆ ಒಳ್ಳೇ ಸಮಯಕ್ಕೆ ಗೊತ್ತಾಯ್ತು, ದಿನಾ ಒಂದು ಮಾತ್ರೆ ನುಂಗಿಕೊಂಡು ಗಟ್ಟಿಯಾಗಿರಬಹುದು ಅಂದರು. ಊಟದಿಂದ ಬರಲ್ಲ, ಲೋಟದಿಂದ ಬರಲ್ಲ, ಕೈ ಹಿಡಿದರೆ ಬರಲ್ಲ. ರಕ್ತದಿಂದ, ಗಂಡ ಹೆಂಡತಿ ಸೇರೋದರಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತೆ. ಹೆಂಡತಿ ಮಕ್ಕಳನ್ನು ಕರ್ಕೊಂಡು ಬಂದು ಟೆಸ್ಟ್ ಮಾಡಿಸಿ, ಇಲ್ಲದಿದ್ದರೆ ಲಸಿಕೆ ಹಾಕಿಸಿ ಅಂತ ಹೇಳಿದರು. ಮಾಡಿಸಿದೆವು. ದೇವರ ದಯೆ, ಅವರಿಗಾರಿಗೂ ಇರಲಿಲ್ಲ. ನಾನೂ ಮಾಡಿಸಿಕೊಂಡೆ, ನನಗೂ ಇಲ್ಲ. ಅಕ್ಕನಿಗೆ ಆಪರೇಷನ್‌ಗೆ ಮುಂಚೆಯೇ ನೋಡಿದ್ದರು, ಇರಲಿಲ್ಲ.

ಅಮ್ಮನಿಗೆ ಏನಾದರೂ ಇತ್ತಾ ಅಂತ ಡಾಕ್ಟರು ಕೇಳಿದರು. ನಮ್ಮವ್ವ ಹೊಟ್ಟೆ ಊದಿಕೊಂಡೇ ಸತ್ತದ್ದು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತುಂಬು ಬಸುರಿಯ ಹಾಗೆ. ಜಲೋದರ ಅಂದರು, ಯಾರೋ ಮದ್ದು ಹಾಕವ್ರೆ ಅಂದರು, ದೃಷ್ಟಿ ಅಂದರು. ನಾನು ಹುಟ್ಟಿದ ಮೇಲೆ, ತಮ್ಮ ಹುಟ್ಟೋಕೆ ಮುಂಚೆ, ಅವ್ವನಿಗೆ ಒಂದು ಬಸುರು ಇಳಿದುಹೋಗಿ ಆಸ್ಪತ್ರೆಯಲ್ಲಿ ಗಾಜಿನ ಬಾಟ್ಲಿಯಲ್ಲಿ ರಕ್ತ ಹಾಕಿದ್ದರು. ಯಾರದೋ ಏನೋ, ಆಗಿನ ಕಾಲದಲ್ಲಿ ಇದಕ್ಕೆಲ್ಲ ಟೆಸ್ಟ್ ಎಲ್ಲಿತ್ತು? ಅದರಿಂದಲೇ ಬಂದಿರಬಹುದು, ಬೇರೆ ಹೇಗಾದರೂ ಬಂದಿರಬಹುದು, ಈಗ ಹೇಳೋಕಾಗಲ್ಲ ಅಂದರು ಡಾಕ್ಟರು. ಅವರಿಗೆ ಹೇಳೋಕಾಗಲ್ಲ, ಸರಿ. ನನ್ನ ತಲೆಯಲ್ಲಿ ಮಾತ್ರ ಅವತ್ತಿನಿಂದ ಆ ಬಾಟ್ಲಿ ತೊಟ್ಟಿಕ್ಕುವುದು ನಿಂತಿಲ್ಲ. ಅಕ್ಕನಿಗೆ ಇಲ್ಲ, ನನಗೆ ಇಲ್ಲ, ಅದಾದ ಮೇಲೆ ಹುಟ್ಟಿದ ಅವನೊಬ್ಬನಿಗೆ ಇದೆ.

ಅಕ್ಕ ಮನೆಗೆ ಬಂದ ಮೇಲೆ ತಮ್ಮ ಎಳನೀರು, ಬಾಳೆಹಣ್ಣು ತಗೊಂಡು ನೋಡೋಕೆ ಹೋದ. ನಾನೂ ಜೊತೆಗಿದ್ದೆ. ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ, ಅವನಿಗೆ ಮಾತ್ರ ಹೋಟೆಲಿನಿಂದ ತಂದ ಪೇಪರ್ ಕಪ್ಪು. ನನ್ನ ಮೈ ಉರಿದುಹೋಯ್ತು. ದಿನವಿಡೀ ಲಾರಿಯವರು, ಬಸ್ಸಿನವರು, ಧರ್ಮಸ್ಥಳದ ಕಡೆ ಹೋಗುವವರು ಕುಡಿದಿಟ್ಟ ಲೋಟಗಳನ್ನು ಒಂದೇ ಬಕೆಟ್ಟಿನಲ್ಲಿ ಮುಳುಗಿಸಿ ಎತ್ತುವ ಹೋಟೆಲು ಅದು. ಆ ಲೋಟಗಳಿಗೆ ಇಲ್ಲದ ಮಡಿ ನನ್ನ ತಮ್ಮನಿಗೆ ಬಂತಾ? ಅಕ್ಕ ನೆಲ ನೋಡುತ್ತಾ ಕೂತಿದ್ದಳು. ಅವಳ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು. ತಮ್ಮ ಕಾಫಿ ಕುಡಿದು, ಕಪ್ಪನ್ನು ತಾನೇ ಮಡಚಿ ಜೇಬಿಗೆ ಹಾಕ್ಕೊಂಡು ಎದ್ದ.

ಇಷ್ಟಾದ ಮೇಲೆ ಬಂದದ್ದು ಆ ಫೋನು. ಅದರ ಮುಂದಿನ ಭಾನುವಾರವೇ ನಾನು ಹಿರೀಸಾವೆ ಬಸ್ಸು ಹತ್ತಿದೆ. ಹಜಾರದಲ್ಲಿ ಭಾವ, ಪಕ್ಕದಲ್ಲಿ ದೊಡ್ಡಪ್ಪನ ಮಗ. ಸೋದರಮಾವನ ಜಾಗಕ್ಕೆ ಗೊತ್ತು ಮಾಡಿದ್ದು ಇವರನ್ನೇ ಅಂತ ಆಗ ತಿಳೀತು. ತಿಂಡಿಗೆ ಹೋದ ಮಹಾನುಭಾವರು!

"ನೀನು ಟೀಚರಮ್ಮ, ಬುದ್ವಂತೆ. ನೀನೇ ಲೆಕ್ಕ ಹಾಕು" ಅಂದರು ಭಾವ. "ಆ ಟೆಸ್ಟಿಂದ ಏನ್ ಲಾಬ ಆಯ್ತು ಹೇಳು. ದುಡ್ಡು ಓಯ್ತು. ಆಪ್ರೇಷನ್ ತಡ ಆಯ್ತು. ಅವನ್ ಕೊಟ್ಟಿದ್ ರಕ್ತಾನ ಚೆಲ್ಬುಟ್ರು. ಮನೆ ಮರ್ವಾದೆ ಬೀದಿಗೆ ಬಂತು. ಟೆಸ್ಟ್ ಮಾಡ್ದೆ ಇದ್ದಿದ್ರೆ ಏನಾಗದು? ಒಡಹುಟ್ಟಿದೋನ ರಕ್ತ, ಮೈಗ್ ಹತ್ಕತ್ತಿತ್ತು."

"ಮೈಗೆ ಹತ್ತಿದ್ರೆ ಏನಾಗೋದು ಅಂತ ನಮ್ಮವ್ವನ ಹೊಟ್ಟೆ ನೋಡಿದ್ರಲ್ಲ ಭಾವ, ಹೆಣ ಹೊತ್ತೋರಲ್ಲಿ ನೀವೂ ಒಬ್ರು. ಮರ್ತುಬಿಟ್ರಾ?" ಅಂದೆ. "ಕತ್ತರಿ ಹಾಕಿಸ್ಕೊಂಡು ಮಲಗಿದ್ದ ಅಕ್ಕನ ಮೈಗೆ ಆ ರಕ್ತ ಹೋಗಿದ್ದಿದ್ರೆ? ಇನ್ನಷ್ಟು ವರ್ಷ ಕಳೆದ ಮೇಲೆ ನಿಮ್ಮ ಹೋಟೆಲ್ ಒಲೆ ಮುಂದೆ ಅವಳೂ ಹೊಟ್ಟೆ ಹೊತ್ಕೊಂಡು ನಿಂತಿದ್ದಿದ್ರೆ? ಆಗ ಯಾವ ದುಡ್ಡಿಗೆ ಸಮ ಮಾಡ್ತಿದ್ರಿ?"

ದೊಡ್ಡಪ್ಪನ ಮಗ ಗಂಟಲು ಸರಿ ಮಾಡಿಕೊಂಡರು. "ಅಲ್ಲ ಕಣವ್ವ, ಎಲ್ಲೋ ಒಬ್ಬಂಗೆ ಇರೋ ಕಾಯ್ಲೆಗೆ ಎಲ್ಲಾರ್ನೂ ಟೆಸ್ಟ್ ಮಾಡದು ದಂಡ ಅಲ್ವಾ? ಸರ್ಕಾರದೋರೂ ಲೆಕ್ಕ ಹಾಕ್ತಾರಂತಪ್ಪ, ಇಷ್ಟ್ ಖರ್ಚು ಮಾಡುದ್ರೆ ಎಷ್ಟ್ ಜನ ಉಳೀತಾರೆ ಅಂತ."

"ಹಾಕ್ಲಿ. ಸರ್ಕಾರದವರು ಹಾಕೋದು ಯಾವ ಟೆಸ್ಟ್ ಇಡೋದು, ಎಷ್ಟು ಊರಲ್ಲಿ ಇಡೋದು ಅಂತ. ನೀವು ಹಾಕ್ತಿರೋದು ನಮ್ಮಕ್ಕ ಉಳಿದಿದ್ದು ದಂಡ ಅಂತ. ಆ ಎಲ್ಲೋ ಒಬ್ಬ ಅನ್ನೋನು ನಮ್ಮನೇಲೇ ಸಿಕ್ಕನಲ್ಲ ಅಣ್ಣ. ಅವನ ಲಿವರ್ ಕೊಳೆಯೋಕೆ ಮುಂಚೆ ಸಿಕ್ಕ. ಅದು ಯಾಕೆ ನಿಮ್ಮ ಲಾಭದಲ್ಲಿ ಸೇರಲ್ಲ? ಮರ್ಯಾದೆ ಹೋಯ್ತು ಅಂತೀರಾ. ಮರ್ಯಾದೆ ತೆಗ್ದಿದ್ದು ಟೆಸ್ಟಾ, ಬಸ್ಸಲ್ಲಿ ಕೂತ್ಕೊಂಡು ಊರಿಗೆಲ್ಲ ಫೋನ್ ಮಾಡಿದ ಬಾಯಾ?"

ಭಾವ ಎದ್ದು ನಿಂತರು. "ಬೀಗ್ರಿಗೆ ಗೊತ್ತಾಗಿ ಮದ್ವೆ ಮುರುದ್ರೆ ನೀನ್ ನಿಂತು ಮಾಡ್ಸ್ತೀಯಾ? ಮುಗೀತು. ಅವ್ನು ಬರ್ಲಿ, ಊಟ ಮಾಡ್ಲಿ, ಓಗ್ಲಿ. ಕೈ ಹಿಡಿಯದು ಬ್ಯಾಡ." ಅಲ್ಲಿಗೆ ಮಾತು ಮುಗಿಯಿತು. ಮದುವೆ ಹುಡುಗಿ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದವಳು ದಾರಿಯುದ್ದಕ್ಕೂ ಆ ಕಾಯಿಲೆ ಬಗ್ಗೆಯೇ ಕೇಳಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ. ಮದುವೆ ಸಂಭ್ರಮದಲ್ಲಿ ಇರಬೇಕಾದ ಮಗಳು, ಇವಳಿಗೆ ಯಾಕಪ್ಪ ಈ ಕರ್ಮ ಅನ್ನಿಸಿತು.

ತಮ್ಮನಿಗೆ ವಿಷಯ ಹೇಳುವ ಕೆಲಸ ನನ್ನ ತಲೆಗೇ ಬಂತು. ಹೊಳೆನರಸೀಪುರಕ್ಕೆ ಹೋಗಿ ಗದ್ದೆ ಬದುವಿನ ಮೇಲೆ ನಿಂತೇ ಹೇಳಿದೆ. "ಆಯ್ತು ಬುಡಕ್ಕ, ಮಗೀಗೆ ಒಳ್ಳೇದಾದ್ರೆ ಸಾಕು" ಅಂದ. ನಿನಗೆ ರೋಷ ಇಲ್ವೇನೋ, ಎದ್ದು ಬಂದು ಕೇಳೋ ಅಂತ ನಾನು ಬೈದೆ. ಅವನು ಮಣ್ಣಾಗಿದ್ದ ಕೈಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದ. "ಆ ಟೆಸ್ಟೇ ಮಾಡ್ದೆ ಇದ್ದಿದ್ರೆ ಚೆನ್ನಾಗಿತ್ತು ಕಣಕ್ಕ. ಗೊತ್ತಿಲ್ದಂಗೆ ಇದ್ದಷ್ಟು ದಿನ ಮನುಷ್ಯನ್ ತರ ಇದ್ದೆ."

ಭಾವನ ಲೆಕ್ಕಕ್ಕೆ ಉತ್ತರ ಕೊಡಬಹುದು, ಇದಕ್ಕೆ ಎಲ್ಲಿಂದ ತರೋದು? ಅಕ್ಕ ಉಳಿದಳು, ಇವನ ಲಿವರ್ ಉಳೀತು, ಇವನ ಹೆಂಡತಿ ಮಕ್ಕಳಿಗೆ ಲಸಿಕೆ ಆಯ್ತು. ಇಷ್ಟೂ ಒಳ್ಳೆಯದರ ಬೆಲೆಯನ್ನು ಒಬ್ಬನ ತಲೆಗೇ ಕಟ್ಟಿದ್ದೆವು. ಟೆಸ್ಟ್ ಬೇಕೇ ಬೇಕು ಅಂತ ನಾನು ಈಗಲೂ ಯಾರ ಮುಂದೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಅವತ್ತು ಆ ಬದುವಿನ ಮೇಲೆ ಅವನು ಹೇಳಿದ್ದು ಸುಳ್ಳು ಅನ್ನೋಕೆ ನನ್ನ ಕೈಲಾಗಲಿಲ್ಲ. ಮಾತ್ರೆ ಬಿಡಬೇಡ ಅಂತ ಮಾತ್ರ ಹೇಳಿ ಬಂದೆ.

ಮದುವೆ ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ. ತಮ್ಮ ಹೆಂಡತಿ ಮಕ್ಕಳೊಂದಿಗೆ ಬಂದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತ. ರೇಷ್ಮೆ ಪಂಚೆ ಉಟ್ಟಿದ್ದ, ಶಲ್ಯ ಹೊದ್ದಿದ್ದ. ಯಾರು ಕರೆದರೂ ಮುಂದೆ ಬರಲಿಲ್ಲ, "ಇಲ್ಲೇ ಗಾಳಿ ಚೆನ್ನಾಗಿ ಬತ್ತದೆ" ಅನ್ನುತ್ತಿದ್ದ. ನಾನು ಒಳಗೆ ಹುಡುಗಿಯ ಕೋಣೆಯಲ್ಲಿದ್ದೆ. ಅಕ್ಕ ಇನ್ನೂ ಬಲ ಬರದೆ ಕುರ್ಚಿಯ ಮೇಲೆ ಕೂತಿದ್ದಳು. ಹುಡುಗಿ ಬಾಸಿಂಗ ಕಟ್ಟಿಸಿಕೊಂಡು ಮಣೆಯ ಮೇಲೆ.

"ಸೋದರಮಾವ ಹೆಣ್ಣನ್ನ ಕರ್ಕೊಂಡು ಬರಬೇಕು" ಅಂತ ಪುರೋಹಿತರು ಮೈಕಿನಲ್ಲಿ ಕರೆದರು. ದೊಡ್ಡಪ್ಪನ ಮಗ ಜರಿಪೇಟ ಸುತ್ತಿಕೊಂಡು ಬಾಗಿಲಿಗೆ ಬಂದು "ಏಳವ್ವ" ಅಂತ ಕೈ ನೀಡಿದರು. ಹುಡುಗಿ ಏಳಲಿಲ್ಲ.

"ದೊಡ್ಮಾವ, ನೀವು ರಕ್ತ ಟೆಸ್ಟ್ ಮಾಡ್ಸಿದ್ದೀರಾ?" ಅಂತ ಕೇಳಿದಳು.

ಅವರಿಗೆ ಅರ್ಥವಾಗಲಿಲ್ಲ. "ನಂಗೇನಾಗೈತೆ ಮಗ? ಗುಂಡ್ಕಲ್ಲಂಗಿದ್ದೀನಿ."

"ನಮ್ ಮಾವನೂ ಹಂಗೇ ಇದ್ರು, ಅಮ್ಮಂಗೆ ರಕ್ತ ಕೊಡೋಕೆ ಹೋಗೋ ತಂಕ. ಅವರಿಗೆ ಏನಿದೆ, ಅದು ಹೆಂಗ್ ಬರುತ್ತೆ, ಹೆಂಗ್ ಬರಲ್ಲ, ಎಲ್ಲ ನಂಗೊತ್ತು. ಲಸಿಕೆನೂ ಹಾಕಿಸ್ಕೊಂಡಿದ್ದೀನಿ. ನಿಮಗೆ ಏನಿದೆ ಅಂತ ನಿಮಗೇ ಗೊತ್ತಿಲ್ಲ. ಟೆಸ್ಟ್ ಮಾಡೋ ಹೊತ್ತಿಗೆ ನೀವು ತಿಂಡಿಗೆ ಹೋಗಿದ್ರಿ. ಕೈ ಹಿಡಿಯೋಕೆ ರಕ್ತ ನೋಡ್ಬೇಕು ಅಂತಾದ್ರೆ, ಮೊದ್ಲು ನಿಮ್ದು ತೋರ್ಸಿ."

ದೊಡ್ಡಪ್ಪನ ಮಗನ ಕೈ ಮೆಲ್ಲಗೆ ಪಂಚೆಯ ಮರೆಗೆ ಹೋಯ್ತು. ಇನ್ನೂ ಯಾಕೆ ತಡ ಅಂತ ಭಾವ ಒಳಗೆ ಬಂದರು, ಮುಖ ಕೆಂಡ. "ಏಳೇ ಮ್ಯಾಲೆ, ಮೂರ್ತ ಓಯ್ತದೆ, ಬೀಗ್ರು ನೋಡ್ತಾವ್ರೆ" ಅಂತ ಹಲ್ಲು ಕಚ್ಚಿದರು. ಆಗ ಅಕ್ಕ, ಪೇಪರ್ ಕಪ್ಪು ಕೊಟ್ಟ ದಿನ ನೆಲ ನೋಡುತ್ತಾ ಕೂತಿದ್ದ ಅದೇ ನನ್ನ ಅಕ್ಕ, ಕುರ್ಚಿಯಿಂದ ಎದ್ದೇಳದೆಯೇ ಅಂದಳು: "ಓಗಿ ನನ್ ತಮ್ಮನ್ನ ಕರ್ಕಂಬನ್ನಿ. ನೀವೇ ಓಗಿ."

ಭಾವ ಅವಳನ್ನು ನೋಡಿದರು, ಮಗಳನ್ನು ನೋಡಿದರು, ಬಾಗಿಲಾಚೆ ಕುತ್ತಿಗೆ ಉದ್ದ ಮಾಡುತ್ತಿದ್ದ ಬೀಗರನ್ನು ನೋಡಿದರು. ಹೋದರು. ಹಿಂದಿನ ಸಾಲಿನವರೆಗೂ ಹೋಗಿ ಏನೋ ಹೇಳಿದ್ದು ಕಾಣಿಸಿತು. ತಮ್ಮ ಬೇಡ ಬೇಡ ಅಂತ ಕೈಯಾಡಿಸುತ್ತಿದ್ದ. ಕೊನೆಗೆ ಅವನ ಹೆಂಡತಿ ಅವನನ್ನು ಎಬ್ಬಿಸಿ ನೂಕಿದಳು.

ಬಂದವನು ಬಾಗಿಲಲ್ಲೇ ನಿಂತ. ಶಲ್ಯವನ್ನು ಹೆಗಲಿನಿಂದ ತೆಗೆದ. ತೆಗೆದು ಬಲಗೈಗೆ ಸುತ್ತತೊಡಗಿದ, ಒಂದು ಬೆರಳೂ ಕಾಣದ ಹಾಗೆ, ಬಿಗಿಯಾಗಿ. ಸುತ್ತಿ ಆದ ಮೇಲೆ ಆ ಬಟ್ಟೆಯ ಗಂಟನ್ನು ಹುಡುಗಿಯ ಮುಂದೆ ಚಾಚಿದ.

ಇದನ್ನು ಅವನಿಗೆ ಯಾವ ಡಾಕ್ಟರು ಹೇಳಿಕೊಟ್ಟಿದ್ದರು? ಯಾವ ಬ್ಲಡ್ ಬ್ಯಾಂಕಿನವರು ಹೇಳಿಕೊಟ್ಟಿದ್ದರು? ನಾವು ಹೇಳಿಕೊಟ್ಟಿದ್ದೆವು.

"ಬಿಚ್ಚಿ ಮಾವ" ಅಂದಳು ಹುಡುಗಿ.

"ಬ್ಯಾಡ ಕಣವ್ವ. ಜನ ನೋಡ್ತಾರೆ."

"ನೋಡ್ಲಿ. ಬಿಚ್ಚಿ."

ಮೈಕಿನಲ್ಲಿ ಪುರೋಹಿತರು ಮುಹೂರ್ತ ಮೀರುತ್ತಿದೆ, ಮುಹೂರ್ತ ಮೀರುತ್ತಿದೆ ಅಂತ ಕೂಗುತ್ತಲೇ ಇದ್ದರು. ಅಷ್ಟು ಬಿಗಿಯಾಗಿ ಸುತ್ತಿದ್ದ ಶಲ್ಯ, ತಮ್ಮನಿಗೆ ಬೇಗ ಬಿಚ್ಚಲು ಬರಲಿಲ್ಲ. ಅವನು ಬಿಚ್ಚಿ ಮುಗಿಸುವವರೆಗೂ ಹುಡುಗಿ ಮಣೆಯಿಂದ ಏಳಲಿಲ್ಲ.